ಪಿಪಿಎಲ್ ಪಡೆದ ಮೇಲೆ ಹಾರಾಟವನ್ನೇಕೆ ಬಿಡುತ್ತಾರೆ?

ಮುಗಿಲಂಚು

ನಾನೊಬ್ಬ ಖಾಸಗಿ ಪೈಲಟ್. ಹಾರಾಟ ನನ್ನ ಉದ್ಯೋಗವಲ್ಲ, ಅದನ್ನು ಉದ್ಯೋಗ ಮಾಡಿಕೊಳ್ಳುವ ಉದ್ದೇಶವೂ ನನಗಿಲ್ಲ. ನನ್ನೊಂದಿಗೆ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಪಡೆದವರಲ್ಲಿ ಕೆಲವರು ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಮುಗಿಸಿ ದೊಡ್ಡ ವಿಮಾನಗಳಿಗೆ ಹೋದರು. ಅದರ ಬಗ್ಗೆ ತಕರಾರಿಲ್ಲ. ನನ್ನ ಪ್ರಶ್ನೆ ಉಳಿದವರ ಬಗ್ಗೆ. ವೈದ್ಯರು, ಕಾಫಿ ಬೆಳೆಗಾರರು, ಸಾಫ್ಟ್‌ವೇರ್ ಎಂಜಿನಿಯರುಗಳು ಅಷ್ಟು ಆಸೆಪಟ್ಟು, ಅಷ್ಟು ಖರ್ಚು ಮಾಡಿ ಕಲಿಯುತ್ತಾರೆ. ಲೈಸೆನ್ಸ್ ಕೈಗೆ ಬಂದು ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಏರ್‌ಫೀಲ್ಡಿನ ಕಡೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಏಕೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಪಿಪಿಎಲ್ ಎಂದರೆ ಸಿಪಿಎಲ್‌ಗೆ ಹೋಗುವ ಮೆಟ್ಟಿಲು ಎಂದೇ ಎಲ್ಲರೂ ತಿಳಿದಿದ್ದಾರೆ. ಶಾಲೆಗಳ ವಿಮಾನಗಳು, ಇನ್‌ಸ್ಟ್ರಕ್ಟರ್‌ಗಳ ಸಮಯ, ರನ್‌ವೇಯ ಸರದಿ, ಎಲ್ಲವೂ ಸಿಪಿಎಲ್‌ಗಾಗಿ 200 ಗಂಟೆ ಹಾರಾಟ ತುಂಬಿಸಿಕೊಳ್ಳಬೇಕಾದ ವಿದ್ಯಾರ್ಥಿಗಳ ಪಾಲಾಗುತ್ತವೆ. 40 ಗಂಟೆ ಮುಗಿಸಿ ಲೈಸೆನ್ಸ್ ಪಡೆದ ಹವ್ಯಾಸಿಯೊಬ್ಬ ತಿಂಗಳಿಗೆ ಒಂದೆರಡು ಗಂಟೆ ಹಾರುತ್ತೇನೆಂದು ಹೋದರೆ ಅವನನ್ನು ಕೇಳುವವರಿಲ್ಲ.

ಹಾಗೆ ನೋಡಿದರೆ ನಮ್ಮ ದೇಶದ ನಾಗರಿಕ ವಿಮಾನಯಾನ ಆರಂಭವಾದದ್ದೇ ಹವ್ಯಾಸಿಗಳಿಂದ. ಜೆ.ಆರ್.ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲ ಪೈಲಟ್ ಲೈಸೆನ್ಸನ್ನು ಪಡೆದಾಗ ಅವರ ಮುಂದೆ ವಿಮಾನಯಾನದ ಉದ್ಯೋಗವೆಂಬುದೇ ಇರಲಿಲ್ಲ. 1932ರ ಅಕ್ಟೋಬರ್ 15ರಂದು ಅವರು ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಅಂಚೆ ಚೀಲಗಳನ್ನು ತಂದರು. ಅಲ್ಲಿಂದ ಮುಂದೆ ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಅವರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಸಣ್ಣ ವಿಮಾನವೊಂದು ಬಳ್ಳಾರಿಯಲ್ಲಿ ಇಳಿದು ಮೇಲೇರಿ ತೊಂಬತ್ತಕ್ಕೂ ಹೆಚ್ಚು ವರ್ಷಗಳಾದವು. ಇಂದು ಹವ್ಯಾಸಿಯೊಬ್ಬ ಬೆಂಗಳೂರಿನಿಂದ ಆ ಕಡೆಗೊಂದು ಕ್ರಾಸ್‌ಕಂಟ್ರಿ (ಬೇರೊಂದು ಊರಿಗೆ ದೂರದ ಹಾರಾಟ) ಮಾಡಬೇಕೆಂದರೆ ಅನುಮತಿ, ಇಂಧನ, ವಿಮಾನ ಎಂದು ವಾರಗಟ್ಟಲೆ ಸಿದ್ಧತೆ ಬೇಕು.

ಹಣವೇ ಕಾರಣವೋ, ನಿಯಮಗಳೋ, ಜಾಗದ ಕೊರತೆಯೋ, ಭಯವೋ? ಅನುಭವವಿದ್ದವರು ಹೇಳಬೇಕೆಂದು ಕೋರುತ್ತೇನೆ.

ಮಡಿಕೇರಿ ಮಂಜು

ಹಣ. ಬೇರೆ ಕಾರಣಗಳನ್ನು ಹುಡುಕುವ ಅಗತ್ಯವೇ ಇಲ್ಲ. ಗಂಟೆಯ ಬಾಡಿಗೆ ಐದಂಕಿ ಮುಟ್ಟಿದ ಮೇಲೆ ಮಕ್ಕಳ ಶಾಲಾ ಶುಲ್ಕ ಕಟ್ಟುವ ಮಧ್ಯಮ ವರ್ಗದವರು ಎಷ್ಟು ದಿನ ಹಾರುತ್ತಾರೆ?

ಹ್ಯಾಂಗರ್ ಮೇಷ್ಟ್ರು

ನಾನು ವಿಮಾನ ನಿರ್ವಹಣಾ ಎಂಜಿನಿಯರ್. ಮಂಜು ಅವರ ಮಾತು ಸರಿ. ಆದರೆ ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತಿಳಿದುಕೊಳ್ಳಬೇಕು. ಶಾಲೆಗಳಲ್ಲಿ ಬಳಸುವ ಸೆಸ್ನಾ 172 ಎಂಬ ಸಣ್ಣ ವಿಮಾನ ಗಂಟೆಗೆ ಸುಮಾರು 35 ಲೀಟರ್ ಇಂಧನ ಕುಡಿಯುತ್ತದೆ. ಅದು ಬಂಕಿನಲ್ಲಿ ಸಿಗುವ ಪೆಟ್ರೋಲ್ ಅಲ್ಲ, ಅವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲ್. ಬಹಳ ಕಾಲ ಅದನ್ನು ಹೊರದೇಶದಿಂದಲೇ ತರಿಸಬೇಕಾಗಿತ್ತು. ಇಂಡಿಯನ್ ಆಯಿಲ್ ಸಂಸ್ಥೆ ವಡೋದರದ ತನ್ನ ಸಂಸ್ಕರಣಾಗಾರದಲ್ಲಿ ತಯಾರಿಸಿದ ಅವ್‌ಗ್ಯಾಸನ್ನು ಮಾರುಕಟ್ಟೆಗೆ ತಂದದ್ದು 2022ರಲ್ಲಿ. ಇಂಧನದ ಮೇಲೆ 100 ಗಂಟೆಗೊಮ್ಮೆ ದೊಡ್ಡ ತಪಾಸಣೆ, ವಿಮೆ, ಹ್ಯಾಂಗರ್ ಬಾಡಿಗೆ. ಇವೆಲ್ಲದರ ಮೇಲೆ ಎಂಜಿನ್ನಿನ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸರಿಪಡಿಸುವ ಕೆಲಸ. ಈ ವರ್ಗದ ಲೈಕಮಿಂಗ್ ಎಂಜಿನ್ನುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಪ್ರತಿ ಗಂಟೆಯ ಬಾಡಿಗೆಯಲ್ಲೂ ಆ ಓವರ್‌ಹಾಲಿನ ಒಂದು ಪಾಲು ಸೇರಿರುತ್ತದೆ.

ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ. ಹಾರಿಸದೆ ಇಟ್ಟರೆ ಎಂಜಿನ್ ಉಳಿಯುತ್ತದೆ ಎಂದು ಮಾಲೀಕರು ತಿಳಿಯುತ್ತಾರೆ. ತೋಟದ ಪಂಪ್‌ಸೆಟ್ಟನ್ನು ವರ್ಷಗಟ್ಟಲೆ ಚಾಲೂ ಮಾಡದೆ ಬಿಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಲೈಕಮಿಂಗ್‌ನಲ್ಲಿ ಕವಾಟಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿದೆ. ಎಂಜಿನ್ ನಿಂತಿದ್ದಾಗ ಎಣ್ಣೆಯೆಲ್ಲ ಕೆಳಗಿಳಿದು ಅದರ ಮೇಲ್ಮೈ ಒಣಗುತ್ತದೆ, ತೇವಾಂಶ ಸೇರಿ ತುಕ್ಕು ಹಿಡಿಯುತ್ತದೆ. ಮಳೆಗಾಲವಿಡೀ ನಿಂತ ಎಂಜಿನ್ನನ್ನು ಬಿಚ್ಚಿ ನೋಡಿದವರಿಗೆ ಇದು ಗೊತ್ತು. ಹಾರುವವರು ಕಡಿಮೆಯಾದಷ್ಟೂ ಪ್ರತಿ ಗಂಟೆಯ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಹಾರುವವರು ಕಡಿಮೆಯಾಗುತ್ತಾರೆ. ನಾವು ಸಿಕ್ಕಿಕೊಂಡಿರುವುದು ಈ ಸುಳಿಯಲ್ಲಿ.

ಡಲ್ಲಾಸ್ ಕನ್ನಡಿಗ

ಹಣವೊಂದೇ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲೂ ಇದು ದುಬಾರಿ ಹವ್ಯಾಸವೇ. ಆದರೂ ಇಲ್ಲಿ ಶಾಲಾ ಶಿಕ್ಷಕರು ಹಾರುತ್ತಾರೆ, ನಾಲ್ಕಾರು ಜನ ಸೇರಿ ಐವತ್ತು ವರ್ಷ ಹಳೆಯ ವಿಮಾನವೊಂದನ್ನು ಕೊಳ್ಳುತ್ತಾರೆ. ವ್ಯತ್ಯಾಸವಿರುವುದು ಹೋಗಲು ಜಾಗವಿದೆ ಎಂಬುದರಲ್ಲಿ. ಸಾರ್ವಜನಿಕರು ಬಳಸಬಹುದಾದ ವಿಮಾನ ನಿಲ್ದಾಣಗಳೇ ಇಲ್ಲಿ ಸುಮಾರು 5,000 ಇವೆ, ಹೆಚ್ಚಿನವಕ್ಕೆ ಕಂಟ್ರೋಲ್ ಟವರೇ ಇಲ್ಲ. ರೇಡಿಯೋದಲ್ಲಿ ನಾನು ಎಲ್ಲಿದ್ದೇನೆ, ಯಾವ ರನ್‌ವೇಗೆ ಬರುತ್ತಿದ್ದೇನೆ ಎಂದು ಸುತ್ತಮುತ್ತಲಿನವರಿಗೆ ನಾನೇ ಹೇಳಿಕೊಂಡು ಇಳಿಯುತ್ತೇನೆ. ಸಾಮಾನ್ಯ ದೃಶ್ಯ ಹಾರಾಟಕ್ಕೆ, ಅಂದರೆ ಹೊರಗೆ ಕಣ್ಣಿಟ್ಟು ನೋಡಿಕೊಂಡೇ ಹಾರುವುದಕ್ಕೆ, ಫ್ಲೈಟ್ ಪ್ಲಾನ್ (ಹಾರಾಟದ ಮಾರ್ಗ, ವೇಳೆಯ ವಿವರ) ಸಲ್ಲಿಸುವ ಕಡ್ಡಾಯವಿಲ್ಲ. ಶನಿವಾರ ಬೆಳಿಗ್ಗೆ ಹವಾಮಾನ ನೋಡಿ, ಗೆಳೆಯನೊಬ್ಬನನ್ನು ಕೂರಿಸಿಕೊಂಡು, ಪಕ್ಕದ ಊರಿನ ಏರ್‌ಪೋರ್ಟಿನಲ್ಲಿ ತಿಂಡಿ ತಿಂದು ಬರುವುದು ಇಲ್ಲಿ ವಿಶೇಷವೇನಲ್ಲ. ಖಾಸಗಿ ಪೈಲಟ್ ಸಂಪಾದನೆ ಮಾಡುವಂತಿಲ್ಲ, ಆದರೆ ಇಂಧನ, ವಿಮಾನದ ಬಾಡಿಗೆಯಂತಹ ಖರ್ಚನ್ನು ಪ್ರಯಾಣಿಕರೊಂದಿಗೆ ಸಮಪಾಲಾಗಿ ಹಂಚಿಕೊಳ್ಳಬಹುದು.

ಹಾಗೆಂದು ಇಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದುಬಂದಿದೆ ಎಂದು ಭಾವಿಸಬಾರದು. ಅಪಘಾತವಾದಾಗಲೆಲ್ಲ ದಶಕಗಳ ಹಿಂದಿನ ವಿಮಾನಕ್ಕೂ ತಯಾರಕರೇ ಹೊಣೆಯೆಂದು ಮೊಕದ್ದಮೆಗಳು ಬಂದು, ಸೆಸ್ನಾ ಸಂಸ್ಥೆ 1986ರಲ್ಲಿ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. 1994ರಲ್ಲಿ ಬಂದ ಕಾಯ್ದೆ ತಯಾರಕರ ಹೊಣೆಗೆ 18 ವರ್ಷಗಳ ಗಡಿ ಹಾಕಿದ ಮೇಲೆ ಸಂಸ್ಥೆ ಹೊಸ ಕಾರ್ಖಾನೆ ತೆರೆದು ಮತ್ತೆ 172ಗಳನ್ನು ತಯಾರಿಸತೊಡಗಿತು. 1956ರಿಂದ ಮಾರಾಟದಲ್ಲಿರುವ, ಇದುವರೆಗೆ 44,000ಕ್ಕಿಂತ ಹೆಚ್ಚು ತಯಾರಾದ ಆ ವಿಮಾನವೇ ನಡುವೆ ವರ್ಷಗಟ್ಟಲೆ ನಿಂತಿತ್ತು ಎಂಬುದನ್ನು ಗಮನಿಸಿ. ಮೊಕದ್ದಮೆಗಳು ಕೆಡಿಸಿದ್ದನ್ನು ಒಂದು ಕಾಯ್ದೆ ಸರಿಪಡಿಸಬಲ್ಲದು.

ನಿವೃತ್ತ ನಿಯಂತ್ರಕ

ಡಲ್ಲಾಸಿನ ಗೆಳೆಯರು ಹೇಳಿದ್ದೆಲ್ಲ ನಿಜ, ಆದರೆ ಟೆಕ್ಸಾಸಿನ ಬಯಲನ್ನೂ ಬೆಂಗಳೂರಿನ ಆಕಾಶವನ್ನೂ ಪಕ್ಕಪಕ್ಕ ಇಟ್ಟು ಅಳೆಯುವುದು ನ್ಯಾಯವಲ್ಲ. ನಾನು ಎಟಿಸಿಯಲ್ಲಿ (ವಿಮಾನ ಸಂಚಾರ ನಿಯಂತ್ರಣದಲ್ಲಿ) ಸೇವೆ ಸಲ್ಲಿಸಿ ನಿವೃತ್ತನಾದವನು. ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನ ಮಗ್ಗುಲಲ್ಲೇ ಯಲಹಂಕದ ವಾಯುನೆಲೆ ಇದೆ, ಉತ್ತರಕ್ಕೆ ಹೋದರೆ ದೇವನಹಳ್ಳಿಯ ಅಂತರರಾಷ್ಟ್ರೀಯ ನಿಲ್ದಾಣ, ದಕ್ಷಿಣಕ್ಕೆ ಎಚ್‌ಎಎಲ್. ಈ ಮೂರರ ನಡುವೆ ನೂರು ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ವೇಗದ ಸಣ್ಣ ವಿಮಾನವೊಂದು ಹೇಳದೆ ಕೇಳದೆ ಓಡಾಡಲು ಸಾಧ್ಯವೇ? ಫ್ಲೈಟ್ ಪ್ಲಾನ್, ವಾಯು ರಕ್ಷಣಾ ಅನುಮತಿಯ ಎಡಿಸಿ ಸಂಖ್ಯೆ, ಹಾರಾಟ ಮಾಹಿತಿ ಕೇಂದ್ರ ಕೊಡುವ ಎಫ್‌ಐಸಿ ಸಂಖ್ಯೆ, ಇವೆಲ್ಲವೂ ಆಕಾಶದಲ್ಲಿ ಕಾಣುವ ಪ್ರತಿಯೊಂದು ಚುಕ್ಕೆ ಯಾರದೆಂದು ಗುರುತಿಸುವುದಕ್ಕಾಗಿ ಇವೆ. ಗಡಿಯಲ್ಲಿ ಎಚ್ಚರದಿಂದಿರಬೇಕಾದ ದೇಶ ನಮ್ಮದು, ಅದನ್ನು ಮರೆತು ಮಾತನಾಡಬಾರದು.

ಮುಗಿಲಂಚು

ನಿಯಂತ್ರಕ ಸರ್, ಯಲಹಂಕದ ಹತ್ತಿರ ಕಟ್ಟುನಿಟ್ಟು ಬೇಡವೆಂದು ನಾನು ಹೇಳುತ್ತಿಲ್ಲ, ಯಾವ ಪೈಲಟ್ಟೂ ಹೇಳಲಾರ. ಚಿತ್ರದುರ್ಗದ ಆಚೆ ಕುರುಚಲು ಬಯಲಿನ ಮೇಲೆ 3,000 ಅಡಿ ಎತ್ತರದಲ್ಲಿ ಹೋಗುವ ಎರಡು ಸೀಟಿನ ವಿಮಾನಕ್ಕೂ ಅದೇ ಅಳತೆ ಏಕೆ ಎಂಬುದು ನನ್ನ ಪ್ರಶ್ನೆ. ಅಂತಹ ಕಡೆಗಳಲ್ಲಿ ಹವ್ಯಾಸಿ ಹಾರಾಟಕ್ಕೆಂದೇ ಆಕಾಶದ ಭಾಗಗಳನ್ನು ಗುರುತಿಸಿ, ವಾರಾಂತ್ಯಗಳಲ್ಲಿ ತೆರೆದಿಡಬಹುದಲ್ಲವೇ?

ನಿವೃತ್ತ ನಿಯಂತ್ರಕ

ಅದು ಸಾಧ್ಯ, ಮತ್ತು ಆಗಬೇಕಾದದ್ದೂ ಹೌದು. ವಾಯುಪಡೆ ಮತ್ತು ನಾಗರಿಕ ಅಧಿಕಾರಿಗಳು ಆಕಾಶವನ್ನು ವೇಳೆಗೆ ತಕ್ಕಂತೆ ಹಂಚಿಕೊಂಡು ಬಳಸುವ ಪದ್ಧತಿ ದೊಡ್ಡ ವಿಮಾನಗಳ ಮಾರ್ಗಗಳಲ್ಲಿ ಈಗಾಗಲೇ ಇದೆ. ಸಣ್ಣ ವಿಮಾನಗಳ ಪರವಾಗಿ ಕೇಳುವ ಸಂಘಟಿತ ದನಿ ಬೇಕು. ಬಿಡಿಬಿಡಿಯಾಗಿ ದೂರಿದರೆ ಯಾವ ಕಚೇರಿಯಲ್ಲೂ ಕಡತ ಕದಲುವುದಿಲ್ಲ.

ಅಮೃತಹಳ್ಳಿ ನಿವಾಸಿ

ನಾನು ಪೈಲಟ್ ಅಲ್ಲ. ಏರ್‌ಫೀಲ್ಡಿನ ಹತ್ತಿರ ಮನೆ ಮಾಡಿಕೊಂಡಿರುವ ಸಾಮಾನ್ಯ ನಾಗರಿಕಳು. ನಿಮ್ಮ ಆಸೆಯನ್ನು ಗೌರವಿಸುತ್ತಲೇ ಎರಡು ಮಾತು ಹೇಳಬೇಕಾಗಿದೆ. ಒಂದು, ಎಂಜಿನ್ ಕೆಟ್ಟರೆ ಈ ವಿಮಾನ ನಮ್ಮ ಮನೆಗಳ ಮೇಲೆ ಬೀಳುವುದಿಲ್ಲ ಎಂಬ ಖಾತ್ರಿ ಏನು? ಎರಡು, ಅವ್‌ಗ್ಯಾಸ್‌ನಲ್ಲಿ ಸೀಸ ಇರುತ್ತದೆಂದು ಓದಿದ್ದೇನೆ. ಕಾರಿನ ಪೆಟ್ರೋಲಿನಿಂದ ಸೀಸವನ್ನು ತೆಗೆದು ಇಷ್ಟು ವರ್ಷಗಳಾದ ಮೇಲೂ ಕೆಲವರ ಹವ್ಯಾಸಕ್ಕಾಗಿ ನಮ್ಮ ಮಕ್ಕಳು ಅದನ್ನು ಉಸಿರಾಡಬೇಕೇ?

ರೆಕ್ಕೆ ರಾಘು

ಏರ್‌ಫೀಲ್ಡ್ ಅಲ್ಲಿ 1940ರ ದಶಕದಿಂದ ಇದೆ ಮೇಡಂ, ಅಪಾರ್ಟ್‌ಮೆಂಟುಗಳು ಬಂದದ್ದು ನಿನ್ನೆ ಮೊನ್ನೆ.

ಸರ್ಕ್ಯೂಟ್ ಗುರು

ರಾಘು ಅವರೇ, ಮೊದಲು ಯಾರು ಬಂದರು ಎಂಬ ವಾದದಿಂದ ಏರ್‌ಫೀಲ್ಡ್ ಉಳಿಯುವುದಿಲ್ಲ. ನೆರೆಯವರ ಭಯಕ್ಕೆ ಸರಿಯಾದ ಉತ್ತರ ಕೊಡುವುದು ಪೈಲಟ್‌ಗಳ ಕರ್ತವ್ಯ.

ಮೇಡಂ, ನಾನು ಇನ್‌ಸ್ಟ್ರಕ್ಟರ್. ಎಂಜಿನ್ ನಿಂತ ಕ್ಷಣ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ರೆಕ್ಕೆಗಳು ಕೆಲಸ ಮಾಡುತ್ತಲೇ ಇರುತ್ತವೆ. ಸೆಸ್ನಾ 172 ಸುಮಾರು 68 ನಾಟ್ ವೇಗದಲ್ಲಿ ತೇಲುತ್ತ ಇಳಿಯುವಾಗ ಪ್ರತಿ 1,000 ಅಡಿ ಎತ್ತರಕ್ಕೆ ಒಂದೂವರೆ ನಾಟಿಕಲ್ ಮೈಲಿ ಮುಂದೆ ಹೋಗುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ ಸುಮಾರು 8 ಕಿಲೋಮೀಟರ್ ವ್ಯಾಪ್ತಿಯಲ್ಲಿ ಇಳಿಯುವ ಜಾಗ ಆರಿಸಿಕೊಳ್ಳಬಹುದು. ನಿಮ್ಮ ಆತಂಕದಲ್ಲಿ ನಿಜವಿರುವುದು ಟೇಕಾಫ್ ಆದ ಕೂಡಲೇ, ಇನ್ನೂ ನಾಲ್ಕೈದು ನೂರು ಅಡಿ ಮೇಲಿರುವಾಗ. ಆಗ ಆಯ್ಕೆಗಳು ಕಡಿಮೆ. ಅಷ್ಟು ಕೆಳಗಿನಿಂದ ರನ್‌ವೇಗೆ ತಿರುಗಿ ಬರಲು ಹೋದರೆ ಸ್ಟಾಲ್ ಆಗುವ (ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ) ಅಪಾಯವಿರುವುದರಿಂದ, ನೇರ ಮುಂದಿನ ತೆರೆದ ಜಾಗದಲ್ಲಿ ಇಳಿಸಲು ಪ್ರತಿ ವಿದ್ಯಾರ್ಥಿಗೂ ಕಲಿಸುತ್ತೇವೆ. ಆದ್ದರಿಂದಲೇ ರನ್‌ವೇಯ ಎರಡೂ ತುದಿಗಳಲ್ಲಿ ತೆರಪು ಬಿಡಬೇಕೆಂದು ನಾವು ಅಂಗಲಾಚುವುದು. ಆ ತೆರಪು ತುಂಬಿಹೋದಷ್ಟೂ ನಿಮಗೂ ನಮಗೂ ಅಪಾಯ ಹೆಚ್ಚುತ್ತದೆ. ಸದ್ದಿನ ಬಗ್ಗೆ ನಿಮ್ಮ ದೂರು ಇದ್ದರೆ ಅದು ನ್ಯಾಯವಾದದ್ದು. ಬೆಳಗಿನ ಜಾವದ ಸರ್ಕ್ಯೂಟ್ ಹಾರಾಟಗಳನ್ನು (ಏರ್‌ಫೀಲ್ಡಿನ ಸುತ್ತಲೇ ಸುತ್ತಿ ಇಳಿಯುವ ಅಭ್ಯಾಸವನ್ನು) ನಿಯಂತ್ರಿಸಬಹುದು, ನಿಯಂತ್ರಿಸಬೇಕು.

ಹ್ಯಾಂಗರ್ ಮೇಷ್ಟ್ರು

ಸೀಸದ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಮೇಡಂ ಓದಿದ್ದು ಸರಿ. 100ಎಲ್‌ಎಲ್ ಎಂಬ ನೀಲಿ ಬಣ್ಣದ ಅವ್‌ಗ್ಯಾಸ್‌ನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಹೆಚ್ಚಿನ ಒತ್ತಡದಲ್ಲಿ ಇಂಧನ ಅಕಾಲಿಕವಾಗಿ ಸಿಡಿಯದಂತೆ ತಡೆಯಲು ಅದನ್ನು ಸೇರಿಸುತ್ತಾರೆ. ಇದನ್ನು ಸಮರ್ಥಿಸುವ ಮನಸ್ಸು ನನಗಿಲ್ಲ, ಆ ಇಂಧನವನ್ನು ದಿನವೂ ಕೈಯಲ್ಲಿ ಮುಟ್ಟುವವರು ನಾವೇ. ಅಮೆರಿಕದಲ್ಲಿ 2030ರೊಳಗೆ ಸೀಸದ ಅವ್‌ಗ್ಯಾಸನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ದಾರಿ ಎರಡಿವೆ. ಡೈಮಂಡ್ ಡಿಎ40 ಎನ್‌ಜಿಯಂತಹ ವಿಮಾನಗಳ ಡೀಸೆಲ್ ಮಾದರಿಯ ಎಂಜಿನ್ನುಗಳು ದೊಡ್ಡ ವಿಮಾನಗಳ ಜೆಟ್ ಇಂಧನದಲ್ಲೇ ಓಡುತ್ತವೆ, ಅದರಲ್ಲಿ ಸೀಸವಿಲ್ಲ. ಇನ್ನೊಂದು ದಾರಿ ರೋಟ್ಯಾಕ್ಸ್ ಎಂಜಿನ್, ಅದಕ್ಕೆ ಸೀಸವಿಲ್ಲದ ಪೆಟ್ರೋಲ್ ಸಾಕು.

ರೆಕ್ಕೆ ರಾಘು

ಹಾಗಾದರೆ ಬಂಕಿನಿಂದ ಕ್ಯಾನಿನಲ್ಲಿ ಪೆಟ್ರೋಲ್ ತಂದು ತುಂಬಿಸಿದರೆ ಖರ್ಚೂ ಉಳಿಯಿತು, ಸೀಸವೂ ತಪ್ಪಿತು.

ಹ್ಯಾಂಗರ್ ಮೇಷ್ಟ್ರು

ಖಂಡಿತ ಹಾಗೆ ಮಾಡಬೇಡಿ. ರೋಟ್ಯಾಕ್ಸ್ 912 ಸರಣಿಗೆ ಒಪ್ಪಿಗೆಯಿರುವುದು ಶೇ 10ರವರೆಗಿನ ಎಥೆನಾಲ್‌ಗೆ ಮಾತ್ರ, ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ. ಬೆಳಿಗ್ಗೆ ಟ್ಯಾಂಕಿನ ತಳದಿಂದ ಪಾರದರ್ಶಕ ಕಪ್ಪಿನಲ್ಲಿ ಇಂಧನ ಹಿಡಿದು ನೋಡಿದಾಗ ಅವ್‌ಗ್ಯಾಸ್‌ನಲ್ಲಾದರೆ ನೀರು ಬೇರೆಯಾಗಿ ಅಡಿಯಲ್ಲಿ ಕಾಣುತ್ತದೆ. ಎಥೆನಾಲ್ ಬೆರೆತಿದ್ದರೆ ನೀರು ಅದರೊಳಗೇ ಕರಗಿ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಒಮ್ಮೆಲೇ ಪದರವಾಗಿ ಬೇರ್ಪಟ್ಟರೆ ಎಂಜಿನ್ನಿಗೆ ಹೋಗುವುದು ನೀರು. ಎಥೆನಾಲ್ ಇಲ್ಲದ, ವಿಮಾನಕ್ಕೆಂದೇ ಪ್ರಮಾಣೀಕರಿಸಿದ ಸೀಸರಹಿತ ಪೆಟ್ರೋಲ್ ಏರ್‌ಫೀಲ್ಡುಗಳಲ್ಲಿ ಸಿಗುವಂತಾಗಬೇಕು. ನನ್ನ ಬೇಡಿಕೆ ಅದು.

ಅಮೃತಹಳ್ಳಿ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ರನ್‌ವೇಯ ತುದಿಯ ತೆರಪಿನ ವಿಷಯವನ್ನು ನಮ್ಮ ನಿವಾಸಿಗಳ ಸಂಘದಲ್ಲಿ ಇದುವರೆಗೆ ಯಾರೂ ಹೀಗೆ ವಿವರಿಸಿರಲಿಲ್ಲ. ಸೀಸದ ಬಗ್ಗೆ ನನ್ನ ಆಕ್ಷೇಪಣೆ ಮಾತ್ರ ಹಾಗೆಯೇ ಇದೆ.

ಪುಷ್ಪಕದ ಕಾಲದವರು

ಎಂಜಿನ್ನಿನ ಮಾತು ಬಂದುದರಿಂದ ಹಳೆಯದೊಂದನ್ನು ಹೇಳುತ್ತೇನೆ. ನಾವು ಕಲಿತದ್ದು ಎಚ್‌ಎಎಲ್‌ನವರ ಪುಷ್ಪಕ್‌ನಲ್ಲಿ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆಯ ಹೊದಿಕೆ, ಅಕ್ಕಪಕ್ಕದಲ್ಲಿ ಎರಡು ಸೀಟು, ಹಿಂದೆ ಪುಟ್ಟ ಚಕ್ರ. ನೆಲದ ಮೇಲೆ ಓಡುವಾಗ ಕಾಲುಗಳು ರಡ್ಡರ್ ಪೆಡಲ್ ಮೇಲೆ ಒಂದು ಕ್ಷಣವೂ ಸುಮ್ಮನಿರುವಂತಿಲ್ಲ, ಸುಮ್ಮನಿದ್ದರೆ ವಿಮಾನ ಸುತ್ತಿ ಹಿಂದುಮುಂದಾಗಿ ನಿಲ್ಲುತ್ತಿತ್ತು. ಬೆಂಗಳೂರಿನಲ್ಲೇ ರೂಪುಗೊಂಡ, ಸಂಪೂರ್ಣ ಸ್ವದೇಶಿ ವಿಮಾನ. ಫ್ಲೈಯಿಂಗ್ ಕ್ಲಬ್ ಎಂಬ ಮಾತಿಗೆ ಆಗ ನಿಜವಾದ ಅರ್ಥವಿತ್ತು. ವಕೀಲರು, ಅಂಗಡಿಯವರು, ಕಾಲೇಜು ಹುಡುಗರು ಒಂದೇ ಬೆಂಚಿನ ಮೇಲೆ ಸರದಿಗಾಗಿ ಕಾದು ಕೂರುತ್ತಿದ್ದೆವು. ಸರ್ಕಾರದ ಸಹಾಯಧನವಿತ್ತು, ಹೀಗಾಗಿ ಬಡ ಹುಡುಗರೂ ಹಾರಿದರು. ಮುಗಿಲಂಚು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ: ಕ್ಲಬ್ ಹೋಗಿ ಶಾಲೆ ಬಂತು, ಶಾಲೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಯಾರೂ ಉಳಿಯುವುದಿಲ್ಲ.

ಹ್ಯಾಂಗರ್ ಮೇಷ್ಟ್ರು

ಹಿರಿಯರೇ, ತಮ್ಮ ಅನುಭವಕ್ಕೆ ನಮಸ್ಕಾರ. ಒಂದು ಸಣ್ಣ ತಿದ್ದುಪಡಿ ಇದೆ. 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಪುಷ್ಪಕ್ ತಯಾರಾದದ್ದು ಬೆಂಗಳೂರಿನಲ್ಲೇ, ಆದರೆ ಅದರ ವಿನ್ಯಾಸ ಅಮೆರಿಕದ ಏರಾಂಕಾ ಚೀಫ್ ವಿಮಾನವನ್ನು ಆಧರಿಸಿತ್ತು. ಎಂಜಿನ್ ಕೂಡ ಹೊರಗಿನದು, 90 ಅಶ್ವಶಕ್ತಿಯ ಕಾಂಟಿನೆಂಟಲ್. ಸ್ವಂತ ವಿನ್ಯಾಸ ಎನ್ನಬೇಕಾದರೆ ಅದಕ್ಕೂ ಮೊದಲು, 1951ರಲ್ಲಿ, ವಿ.ಎಂ. ಘಾಟಗೆ ಅವರ ತಂಡ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನವನ್ನು ಹೇಳಬೇಕು.

ಪುಷ್ಪಕದ ಕಾಲದವರು

ಆಗಬಹುದು. ನಮಗೆ ಅದು ನಮ್ಮ ವಿಮಾನವೇ ಆಗಿತ್ತು.

ನಾಗರಬಾವಿ ನವೀನ

ಸ್ವದೇಶಿ ಎಂದ ಕೂಡಲೇ ಹನ್ಸ ನೆನಪಾಗಬೇಕು. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ವಿನ್ಯಾಸಗೊಳಿಸಿದ, ಸಂಯೋಜಿತ ವಸ್ತುಗಳಿಂದ ಮಾಡಿದ ಎರಡು ಸೀಟಿನ ವಿಮಾನ. ಮೊದಲ ಹಾರಾಟ 1993ರಲ್ಲಿ, ಪ್ರಮಾಣಪತ್ರ 2000ದಲ್ಲಿ. ಹೊಸ ರೂಪವಾದ ಹನ್ಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಹಾರಿತು. ಮರುವರ್ಷ ಸಮುದ್ರಮಟ್ಟದ ಪರೀಕ್ಷೆಗಳಿಗಾಗಿ ಬೆಂಗಳೂರಿನಿಂದ ಪುದುಚೇರಿಗೂ ಹೋಗಿಬಂತು. ರೋಟ್ಯಾಕ್ಸ್ ಎಂಜಿನ್ ಇರುವುದರಿಂದ ಇಂಧನದ ಖರ್ಚು 172ಕ್ಕಿಂತ ಬಹಳ ಕಡಿಮೆ. ನನ್ನ ಬೇಸರ ಇಷ್ಟೇ: ಇಷ್ಟು ಒಳ್ಳೆಯ ವಿಮಾನ ಮೂವತ್ತು ವರ್ಷಗಳ ನಂತರವೂ ಹವ್ಯಾಸಿಯೊಬ್ಬ ಹೋಗಿ ಕೊಳ್ಳುವ ವಸ್ತುವಾಗಿಲ್ಲ. ವಿನ್ಯಾಸ ಮಾಡುವ ಜಾಣ್ಮೆ ನಮ್ಮಲ್ಲಿದೆ. ವರ್ಷಕ್ಕೆ ನೂರಾರು ವಿಮಾನಗಳನ್ನು ತಯಾರಿಸಿ ಮಾರುವ ವ್ಯವಸ್ಥೆಯನ್ನು ಕಟ್ಟಲಿಲ್ಲ.

ಮಡಿಕೇರಿ ಮಂಜು

ಎರಡು ಸೀಟಿನ ವಿಮಾನದಲ್ಲಿ ಹೆಂಡತಿ ಮಕ್ಕಳನ್ನು ಕರೆದೊಯ್ಯುವುದು ಹೇಗೆ? 172 ಆದರೆ ನಾಲ್ಕು ಸೀಟು.

ಸರ್ಕ್ಯೂಟ್ ಗುರು

ಮಂಜು ಅವರೇ, ನಾಲ್ಕು ಸೀಟಿದೆ ಎಂದ ಮಾತ್ರಕ್ಕೆ ನಾಲ್ವರನ್ನು ಒಯ್ಯಬಹುದು ಎಂದಲ್ಲ. ಇದನ್ನು ಲೆಕ್ಕ ಹಾಕಿಯೇ ತೋರಿಸಬೇಕು, ಏಕೆಂದರೆ ಹೊಸ ಪೈಲಟ್‌ಗಳು ಇಲ್ಲಿ ಎಡವಿದರೆ ಪ್ರಾಣಕ್ಕೆ ಕುತ್ತು. 172ಎಸ್ ವಿಮಾನದ ಗರಿಷ್ಠ ಟೇಕಾಫ್ ತೂಕ 1,157 ಕಿಲೋ. ಖಾಲಿ ವಿಮಾನವೇ ಸುಮಾರು 765 ಕಿಲೋ ತೂಗುತ್ತದೆ. ಟ್ಯಾಂಕ್ ತುಂಬ ಇಂಧನ ಹಾಕಿದರೆ ಇನ್ನೊಂದು 144 ಕಿಲೋ. ಉಳಿಯುವುದು ಸುಮಾರು 250 ಕಿಲೋ, ಅಂದರೆ ಮೂವರು ದೊಡ್ಡವರು ಮತ್ತು ಒಂದು ಚೀಲ. ನಾಲ್ವರು ಕೂರಬೇಕಾದರೆ ಇಂಧನ ಇಳಿಸಬೇಕು, ಇಂಧನ ಇಳಿಸಿದರೆ ದೂರ ಕಡಿಮೆಯಾಗುತ್ತದೆ.

ಇದು ಸಮುದ್ರಮಟ್ಟದಲ್ಲಿ ಕುಳಿತು ಹಾಕುವ ಲೆಕ್ಕ. ನಮ್ಮ ಬೆಂಗಳೂರು ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚಾಯಿತು. ಪ್ರತಿ ಡಿಗ್ರಿಗೆ ಸುಮಾರು 120 ಅಡಿಯಂತೆ ಸೇರಿಸಿದರೆ ಗಾಳಿಯ ಸಾಂದ್ರತೆಯ ಮಟ್ಟಿಗೆ ನೀವು ನಿಂತಿರುವುದು 6,100 ಅಡಿ ಎತ್ತರದ ಬೆಟ್ಟದ ಮೇಲೆ. ಎಂಜಿನ್ನಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಅಲ್ಲೇ ಹೋಯಿತು. ಪ್ರೊಪೆಲ್ಲರ್ ಕಚ್ಚುವ ಗಾಳಿಯೂ ತೆಳು, ರೆಕ್ಕೆಗೆ ಸಿಗುವ ಗಾಳಿಯೂ ತೆಳು. ಮೀಟರಿನಲ್ಲಿ ಅದೇ ವೇಗ ಕಂಡರೂ ನೆಲದ ಮೇಲೆ ಓಡಬೇಕಾದ ದೂರ ಹೆಚ್ಚು. ಇಷ್ಟೆಲ್ಲದರ ಜೊತೆಗೆ ಮಿಕ್ಸ್ಚರನ್ನು, ಅಂದರೆ ಇಂಧನ ಮತ್ತು ಗಾಳಿಯ ಮಿಶ್ರಣವನ್ನು, ಇಂಧನ ಹೆಚ್ಚಿರುವಂತೆ ಪೂರ್ತಿ ದಪ್ಪವಾಗಿಯೇ ಬಿಟ್ಟರೆ ಇನ್ನಷ್ಟು ಶಕ್ತಿ ನಷ್ಟ. ಈ ಎತ್ತರದಲ್ಲಿ ಅದನ್ನು ಹದಕ್ಕೆ ತೆಳುಮಾಡಿಕೊಂಡೇ ಟೇಕಾಫ್‌ಗೆ ಹೋಗಬೇಕು. ಚೆನ್ನೈನಲ್ಲಿ ಕಲಿತು ಬಂದವರು ಇಲ್ಲಿ ಮೊದಲ ಸಲ ರನ್‌ವೇಯ ತುದಿ ಹತ್ತಿರವಾಗುವುದನ್ನು ನೋಡಿ ಬೆಚ್ಚುತ್ತಾರೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಕೆಲವರು ಹಾರಾಟ ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ನಾನು ಗಂಭೀರವಾಗಿ ಹೇಳುತ್ತೇನೆ. ಆರು ತಿಂಗಳಿಗೊಮ್ಮೆ ಬಂದು, ಕೈಯಲ್ಲಿ ಲೈಸೆನ್ಸ್ ಇದೆ ಎಂಬ ಧೈರ್ಯದಿಂದ ಮನೆಯವರನ್ನು ಕೂರಿಸಿಕೊಂಡು ಹೊರಡುವ ಪೈಲಟ್ ಅಪಾಯಕಾರಿ.

ಮುಗಿಲಂಚು

ಗುರುಗಳೇ, ಈ ಮಾತನ್ನು ನಾನು ಒಪ್ಪಲಾರೆ. ಆರು ತಿಂಗಳಿಗೊಮ್ಮೆ ಮಾತ್ರ ಅವನಿಗೆ ವಿಮಾನ ಸಿಗುವಂತೆ ಮಾಡಿರುವುದು ವ್ಯವಸ್ಥೆ, ಆಮೇಲೆ ಅವನು ಅಭ್ಯಾಸದಲ್ಲಿಲ್ಲ ಎಂದು ದೂರುವುದು ಸರಿಯೇ? ತಿಂಗಳಿಗೆ ಮೂರು ಲ್ಯಾಂಡಿಂಗ್ ಮಾಡಲು ಅವಕಾಶ ಕೊಡಿ, ಆಮೇಲೆ ಅವನ ಕೌಶಲವನ್ನು ಅಳೆಯಿರಿ.

ಸರ್ಕ್ಯೂಟ್ ಗುರು

ಕಾರಣ ಯಾರದ್ದಾದರೂ ಆಗಲಿ, ಮೋಡ ಅದನ್ನು ಕೇಳುವುದಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ನೋಡಿ ಹಾರುವ ಅನುಭವವಿಲ್ಲದ 20 ಜನರನ್ನು ಮೋಡದೊಳಗಿನಂತಹ ಸ್ಥಿತಿಗೆ ಒಡ್ಡಿ ಪರೀಕ್ಷಿಸಿದರು. ಇಪ್ಪತ್ತು ಜನರೂ ವಿಮಾನದ ಮೇಲಿನ ಹಿಡಿತ ಕಳೆದುಕೊಂಡರು. ಸರಾಸರಿ ಹಿಡಿದ ಸಮಯ 178 ಸೆಕೆಂಡು, ಮೂರು ನಿಮಿಷವೂ ಅಲ್ಲ. ಕಣ್ಣಿಗೆ ದಿಗಂತ ಕಾಣದಿದ್ದಾಗ ಒಳಕಿವಿ ಹೇಳುವುದೆಲ್ಲ ಸುಳ್ಳು. ವಿಮಾನ ಮೆಲ್ಲನೆ ಒಂದು ಕಡೆಗೆ ವಾಲುತ್ತದೆ, ದೇಹಕ್ಕೆ ಅದು ನೇರವಾಗಿಯೇ ಇದೆ ಎನ್ನಿಸುತ್ತದೆ. ದೃಶ್ಯ ಹಾರಾಟಕ್ಕೆ 5 ಕಿಲೋಮೀಟರ್ ಗೋಚರತೆ, ಮೋಡದಿಂದ ಪಕ್ಕಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ಅಂತರ ಎಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಶಿರಸಿ ಮಳೆ

ನಾನು ಹವಾಮಾನದ ಆಸಕ್ತಿಯಿಂದ ಇಲ್ಲಿ ಓದುತ್ತಿರುವವಳು. ಗುರುಗಳ ಮಾತಿಗೆ ಘಟ್ಟದ ವಿಷಯವನ್ನೊಂದು ಸೇರಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಮೋಡ ಬೆಟ್ಟದ ನೆತ್ತಿಯನ್ನೇ ಮುಚ್ಚಿಕೊಂಡಿರುತ್ತದೆ. ಬಯಲುಸೀಮೆಯಿಂದ ನೋಡಿದರೆ ಪಶ್ಚಿಮದ ಆಕಾಶ ಬೂದು ಬಣ್ಣ ಎಂದಷ್ಟೇ ಕಾಣುತ್ತದೆ. ಒಳಗೆ ಕಣಿವೆ ಯಾವುದು, ಗುಡ್ಡ ಯಾವುದು ಎಂದು ತಿಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಯ ರೀತಿಯೇ ಬೇರೆ. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮೂರು ಗಂಟೆಯ ಹೊತ್ತಿಗೆ ಗುಡುಗು ಮೋಡ ಕಟ್ಟಿ, ಮಳೆಗಿಂತ ಮುಂಚೆ ಬಿರುಗಾಳಿ ನೆಲಕ್ಕೆ ಇಳಿದು ಹರಡುತ್ತದೆ. ಇನ್ನು ಡಿಸೆಂಬರ್, ಜನವರಿಯ ಬೆಳಗಿನ ಮಂಜು ನಿಮಗೆಲ್ಲ ಗೊತ್ತೇ ಇದೆ. ಹೀಗೆ ನೋಡಿದರೆ ಬೆಂಗಳೂರಿನ ಹವ್ಯಾಸಿ ಪೈಲಟ್‌ಗೆ ನಿಶ್ಚಿಂತೆಯಾಗಿ ಸಿಗುವ ಕಾಲ ಫೆಬ್ರವರಿಯ ಆಸುಪಾಸು, ಮತ್ತೆ ಬೇಸಿಗೆಯ ಬೆಳಗುಗಳು. ವರ್ಷದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕಲ್ಲವೇ?

ಡಲ್ಲಾಸ್ ಕನ್ನಡಿಗ

ಸರಿಯಾಗಿ ಹೇಳಿದಿರಿ. ಗುರುಗಳ ಮತ್ತು ಮುಗಿಲಂಚು ಅವರ ಜಗಳಕ್ಕೆ ಇಲ್ಲಿನ ನಿಯಮವೊಂದನ್ನು ಮಧ್ಯಸ್ಥಿಕೆಗೆ ತರುತ್ತೇನೆ. ಪ್ರಯಾಣಿಕರನ್ನು ಒಯ್ಯಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕು. ಎರಡು ವರ್ಷಕ್ಕೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಕುಳಿತು ಮರುಪರಿಶೀಲನೆಯ ಹಾರಾಟವಾಗಬೇಕು. ಇದಿಷ್ಟನ್ನು ಸುಲಭವಾಗಿ ಮಾಡುವಷ್ಟು ವಿಮಾನಗಳು ಸಿಗುವುದರಿಂದ ಜನ ಮಾಡುತ್ತಾರೆ. ನಿಮ್ಮಿಬ್ಬರ ಮಾತೂ ಇದರಲ್ಲಿದೆ.

ಮಗಳ ಅಮ್ಮ, ಹುಬ್ಬಳ್ಳಿ

ನಿಮ್ಮೆಲ್ಲರ ಚರ್ಚೆಯನ್ನು ಪೂರ್ತಿ ಓದಿದೆ. ನನ್ನ ಮಗಳು ಹತ್ತನೆಯ ತರಗತಿ ಮುಗಿಸಿದ್ದಾಳೆ. ಹಾರಾಟ ಕಲಿಯಬೇಕೆಂಬ ಹಟ, ಆದರೆ ಅವಳಿಗೆ ಪಶುವೈದ್ಯೆಯಾಗುವ ಆಸೆಯೂ ಇದೆ. ಪೈಲಟ್ ಉದ್ಯೋಗ ಬೇಡವೆನ್ನುವ ಹುಡುಗಿಗೆ ಇಷ್ಟು ಹಣ ಹಾಕುವುದು ವ್ಯರ್ಥವೆಂದು ನಮ್ಮ ನೆಂಟರೆಲ್ಲ ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಮುಗಿಲಂಚು

ಅಮ್ಮಾ, ನಾನು ಈ ಚರ್ಚೆ ಆರಂಭಿಸಿದ್ದೇ ನಿಮ್ಮ ಮಗಳಂಥವರಿಗಾಗಿ. 1936ರಲ್ಲಿ ಸರಳಾ ಠಕ್ರಾಲ್ ಅವರು 21ನೆಯ ವಯಸ್ಸಿನಲ್ಲಿ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದಾಗ ಅವರ ಮಗಳಿಗೆ ನಾಲ್ಕು ವರ್ಷ. ಆ ಹಾರಾಟದಿಂದ ಅವರಿಗೆ ಸಂಬಳವೇನೂ ಬರಲಿಲ್ಲ, ಅದು ವ್ಯರ್ಥವಾಯಿತೆಂದು ಇಂದು ಯಾರೂ ಹೇಳುವುದಿಲ್ಲ. ಹವಾಮಾನವನ್ನು ತಾನೇ ಓದಿ, ತೂಕವನ್ನು ತಾನೇ ಲೆಕ್ಕ ಹಾಕಿ, ಇಂದು ಹೋಗುವುದು ಬೇಡ ಎಂದು ತಾನೇ ತೀರ್ಮಾನಿಸಲು ಹದಿನೇಳರ ವಯಸ್ಸಿನಲ್ಲಿ ಕಲಿತ ಹುಡುಗಿ ಪಶುವೈದ್ಯೆಯಾದರೂ ಆ ವಿವೇಚನೆಯನ್ನು ಬಳಸುತ್ತಾಳೆ.

ಮಡಿಕೇರಿ ಮಂಜು

ಆದರ್ಶದ ಮಾತು ಚೆನ್ನಾಗಿದೆ, ಅಮ್ಮನಿಗೆ ಬೇಕಾಗಿರುವುದು ಲೆಕ್ಕ. ಸಾಲ ಮಾಡಿ ಕಲಿಸುವುದಾದರೆ ನಾನು ಬೇಡವೆನ್ನುತ್ತೇನೆ.

ಸರ್ಕ್ಯೂಟ್ ಗುರು

ಸಾಲದ ಬಗ್ಗೆ ಮಂಜು ಹೇಳಿದ್ದು ಸರಿ. ಅಮ್ಮಾ, ಕ್ರಮವಾಗಿ ಹೇಳುತ್ತೇನೆ. ವಿದ್ಯಾರ್ಥಿ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಪಿಪಿಎಲ್‌ಗೆ 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿದ್ದರೆ ಸಾಕು. ಶಾಲೆಗೆ ಒಂದು ರೂಪಾಯಿ ಕಟ್ಟುವ ಮೊದಲು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯ ಮಾಡಿದ ವೈದ್ಯರಿಂದ ಎರಡನೆಯ ವರ್ಗದ ವೈದ್ಯಕೀಯ ತಪಾಸಣೆ ಮಾಡಿಸಿ. ಕಣ್ಣು, ಕಿವಿ, ಹೃದಯದಲ್ಲಿ ತೊಡಕೇನಾದರೂ ಇದ್ದರೆ ಆಗಲೇ ಗೊತ್ತಾಗಲಿ. ನಿಮಗೆ ಹತ್ತಿರದಲ್ಲಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಇದೆ, ಮೊದಲು ಅಲ್ಲಿಗೆ ಹೋಗಿ ನೋಡಿ. ಯಾವ ಶಾಲೆಯಾದರೂ ಸರಿ, ಮೂರು ಪ್ರಶ್ನೆಗಳನ್ನು ಕೇಳಿ: ಹಾರಲು ಸಿದ್ಧವಿರುವ ವಿಮಾನಗಳು ಇವತ್ತು ಎಷ್ಟಿವೆ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಪಿಪಿಎಲ್ ಮಾತ್ರ ಸಾಕು ಎನ್ನುವವರಿಗೆ ವಾರಕ್ಕೆ ಎಷ್ಟು ಸರದಿ ಕೊಡುತ್ತೀರಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪೂರ್ತಿ ಹಣವನ್ನು ಒಟ್ಟಿಗೆ ಕಟ್ಟಬೇಡಿ; ಹಾರಿದಷ್ಟಕ್ಕೆ ಕಂತಿನಲ್ಲಿ ಕಟ್ಟುವ ಒಪ್ಪಂದವಿದ್ದರೆ ಮಾತ್ರ ಮುಂದುವರಿಯಿರಿ.

ಹ್ಯಾಂಗರ್ ಮೇಷ್ಟ್ರು

ನಾಲ್ಕನೆಯ ಪ್ರಶ್ನೆಯೊಂದನ್ನು ಸೇರಿಸಿಕೊಳ್ಳಿ ಅಮ್ಮಾ. ಹ್ಯಾಂಗರಿನೊಳಗೆ ಬಿಚ್ಚಿಟ್ಟಿರುವ ವಿಮಾನಗಳು ಎಷ್ಟು ದಿನದಿಂದ ಹಾಗೇ ನಿಂತಿವೆ ಎಂದು ಕೇಳಿ. ಬಿಡಿಭಾಗಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿವೆ ಎಂದರೆ ನಿಮ್ಮ ಮಗಳೂ ಕಾಯಬೇಕಾಗುತ್ತದೆ.

ಮಗಳ ಅಮ್ಮ, ಹುಬ್ಬಳ್ಳಿ

ತುಂಬ ಉಪಕಾರವಾಯಿತು. ಸಾಲ ಮಾಡುವುದಿಲ್ಲ. ಪಶುವೈದ್ಯಕೀಯ ಪದವಿಯ ನಡುವೆ ರಜೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕಲಿಯಬಹುದೇ, ಅಥವಾ ಒಂದೇ ಸಲ ಮುಗಿಸಬೇಕೇ?

ಸರ್ಕ್ಯೂಟ್ ಗುರು

ಒಂದೇ ಸಲ ಮುಗಿಸುವುದು ಒಳ್ಳೆಯದು. ನಡುವೆ ಎರಡು ತಿಂಗಳು ಬಿಟ್ಟರೆ ಲ್ಯಾಂಡಿಂಗ್ ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ, ಆ ಗಂಟೆಗಳಿಗೂ ನೀವೇ ಹಣ ಕೊಡಬೇಕು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಯಲ್ಲಿ ಸೇರಿಸಿ. ಲಿಖಿತ ಪರೀಕ್ಷೆಗಳನ್ನು ಅದಕ್ಕೂ ಮೊದಲೇ ಮನೆಯಲ್ಲಿ ಓದಿ ಮುಗಿಸಿಕೊಂಡಿರಲಿ.